ಕೇಳಿದವರ ಋಣ

ಭಾಷಣವೊಂದನ್ನು ಕೇಳಿ ಎದ್ದು ಹೋಗುವವರು ಭಾಷಣಕಾರನಿಗೆ ಸಲ್ಲಿಸಬೇಕಾದುದೇನಾದರೂ ಉಂಟೆ? ಚಪ್ಪಾಳೆ ತಟ್ಟಿದೆವು, ಅಲ್ಲಿಗೆ ಲೆಕ್ಕ ತೀರಿತು ಎಂಬುದು ಸಾಮಾನ್ಯ ಭಾವನೆ. ತಂತ್ರಾಂಶ ರಚಿಸುವವರ ಸಮ್ಮೇಳನಗಳಲ್ಲಿ ಲೆಕ್ಕ ಅಷ್ಟಕ್ಕೆ ತೀರುವುದಿಲ್ಲ. ಭಾಷಣ ಮುಗಿದ ಮೇಲೆ ಶ್ರೋತೃಗಳ ಅಭಿಪ್ರಾಯವನ್ನು ಕೇಳಿ ಪಡೆಯುವುದು ಅಲ್ಲಿ ವಾಡಿಕೆ. ಕೆಲವೆಡೆ ಒಂದರಿಂದ ಐದರವರೆಗೆ ಅಂಕ. ಕೆಲವೆಡೆ ಬಾಗಿಲ ಬಳಿ ಹಸುರು, ಹಳದಿ, ಕೆಂಪು ಚೀಟಿಗಳಲ್ಲೊಂದನ್ನು ಹಾಕಿ ಹೋಗುವ ಏರ್ಪಾಡು. ಜೊತೆಗೆ ನಾಲ್ಕು ಸಾಲು ಬರೆಯಲು ಸ್ಥಳ. ಅಂಕಗಳು ಏರ್ಪಡಿಸಿದವರಿಗೆ ಉಪಯುಕ್ತ. ಭಾಷಣಕಾರನಿಗೆ ದಾರಿ ತೋರಿಸಬಲ್ಲವು ಆ ನಾಲ್ಕು ಸಾಲುಗಳೇ.

ಈ ಭಾಷಣಕಾರರಾದರೂ ಯಾರು? ಪೈಥಾನ್ ಭಾಷೆಯನ್ನು ಬಳಸುವವರು 2009ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ತಮ್ಮ ಮೊದಲ ‘ಪೈಕಾನ್ ಇಂಡಿಯಾ’ ಸಮ್ಮೇಳನವನ್ನು ನಡೆಸಿದರು. ಇಂಥ ಕೂಟಗಳು ಸ್ವಯಂಸೇವಕರ ಹೆಗಲ ಮೇಲೆ ನಡೆಯತಕ್ಕವು. ಅಲ್ಲಿ ವೇದಿಕೆ ಏರುವವರಲ್ಲಿ ಬಹುಮಂದಿ ಹಗಲೆಲ್ಲ ಪ್ರೋಗ್ರಾಮ್ ಬರೆದು, ಬಿಡುವಿನ ವೇಳೆಯಲ್ಲಿ ಭಾಷಣವನ್ನು ಸಿದ್ಧಪಡಿಸಿಕೊಂಡವರು. ಐದು ನಿಮಿಷದ ‘ಲೈಟ್ನಿಂಗ್ ಟಾಕ್’ ಅನೇಕರ ಪಾಲಿಗೆ ಜೀವನದ ಮೊದಲ ಭಾಷಣ. ಅಂಥವನ ಕೈಗೆ ‘ಬೇಸರ ತರಿಸಿತು’ ಎಂಬ ಚೀಟಿ ಬಂದರೆ ಅವನು ಮತ್ತೆ ವೇದಿಕೆಯ ಕಡೆ ತಲೆಹಾಕದೆ ಇರಬಹುದು. ಅವನ ಅನುಭವ ಅವನೊಡನೆಯೇ ಉಳಿದುಹೋಗುತ್ತದೆ. ‘ಬಹಳ ಚೆನ್ನಾಗಿತ್ತು’ ಎಂಬ ಹೊನ್ನಶೂಲದಿಂದಲೂ ಅವನಿಗೆ ಲಾಭವಿಲ್ಲ. ಯಾವುದು ಚೆನ್ನಾಗಿತ್ತೆಂಬುದು ಅವನಿಗೆ ತಿಳಿಯಲಿಲ್ಲವಷ್ಟೆ.

ಸೋಜಿಗವೆಂದರೆ, ತಪ್ಪನ್ನು ಹೇಳುವ ಒಳ್ಳೆಯ ಕ್ರಮವೊಂದು ಈ ಜನರ ಕಸುಬಿನಲ್ಲಿಯೇ ಇದೆ. ಪ್ರೋಗ್ರಾಮ್‌ನಲ್ಲಿ ದೋಷ ಕಂಡವನು ಮೂರು ಸಂಗತಿಗಳನ್ನು ಬರೆಯುತ್ತಾನೆ: ತಾನು ಮಾಡಿದ್ದೇನು, ನಿರೀಕ್ಷಿಸಿದ್ದೇನು, ನಡೆದದ್ದೇನು. ಬರೆದವನ ಅಹಂಕಾರವನ್ನೂ ಬರೆದ ಪ್ರೋಗ್ರಾಮನ್ನೂ ಬೇರ್ಪಡಿಸಬೇಕೆಂದು ಜೆರಾಲ್ಡ್ ವೈನ್‌ಬರ್ಗ್ 1971ರ ತನ್ನ ಗ್ರಂಥದಲ್ಲಿ ವಾದಿಸಿದನು. ಐಬಿಎಂ ಸಂಸ್ಥೆಯ ಮೈಕೆಲ್ ಫೇಗನ್ 1976ರಲ್ಲಿ ಪ್ರಕಟಿಸಿದ ಪರಿಶೀಲನಾ ಕ್ರಮದಲ್ಲಿ, ಕೂಡಿದವರ ಕೆಲಸ ದೋಷವನ್ನು ಗುರುತಿಸುವುದಷ್ಟೆ. ಪರಿಹಾರವನ್ನು ಹುಡುಕುವುದು ಆ ಸಭೆಯ ಕಾರ್ಯವಲ್ಲ. ಪ್ರೋಗ್ರಾಮಿಗೆ ತೋರುವ ಈ ನ್ಯಾಯವನ್ನು ಭಾಷಣಕ್ಕೂ ತೋರಬಾರದೇಕೆ?

ಶ್ರೋತೃವಿಗೆ ನಿಶ್ಚಯವಾಗಿ ಗೊತ್ತಿರುವುದು ಒಂದೇ: ತನಗೆ ಏನಾಯಿತೆಂಬುದು. ಅವನು ನ್ಯಾಯಾಧೀಶನ ಪೀಠವನ್ನು ಬಿಟ್ಟು ಸಾಕ್ಷಿಯ ಕಟಕಟೆಯಲ್ಲಿ ನಿಲ್ಲುವುದು ಲೇಸು. ‘ವೇಗ ಹೆಚ್ಚಾಯಿತು’ ಎಂಬುದು ತೀರ್ಪು. ಸಾಕ್ಷ್ಯದ ರೀತಿ ಹೀಗಿರಬಹುದು: ‘ಡೇಟಾಬೇಸಿನ ರಚನೆಯನ್ನು ವಿವರಿಸುವವರೆಗೂ ನಿಮ್ಮನ್ನು ಹಿಂಬಾಲಿಸಿದೆ. ಆಮೇಲೆ ತೋರಿಸಿದ ನಲವತ್ತು ಸಾಲಿನ ಪ್ರೋಗ್ರಾಮ್‌ನ ಅಕ್ಷರಗಳು ಹಿಂದೆ ಕುಳಿತ ನನಗೆ ಕಾಣಲಿಲ್ಲ. ಅಲ್ಲಿ ವಾದದ ಎಳೆ ತಪ್ಪಿತು. ಬಸ್ ನಿಲ್ದಾಣದ ಸಾಲಿನ ಹೋಲಿಕೆ ಮಾತ್ರ ಮನಸ್ಸಿನಲ್ಲಿ ನಿಂತಿದೆ.’ ಇದರಲ್ಲಿ ಕಟುವಾದ ಮಾತೊಂದೂ ಇಲ್ಲ, ಹುಸಿಯೂ ಇಲ್ಲ. ಓದಿದವನು ಮುಂದಿನ ಬಾರಿ ನಲವತ್ತು ಸಾಲನ್ನು ಎಂಟಕ್ಕೆ ಇಳಿಸಿ, ಹೋಲಿಕೆಯನ್ನು ಉಳಿಸಿಕೊಳ್ಳುತ್ತಾನೆ.

ಸಾಕ್ಷಿಗೂ ಕಟ್ಟುಪಾಡುಗಳಿವೆ. ಪ್ರಾರಂಭಿಕರಿಗಾಗಿ ಎಂದು ಕಾರ್ಯಕ್ರಮ ಪಟ್ಟಿಯಲ್ಲಿ ಮುದ್ರಿಸಿದ ಭಾಷಣಕ್ಕೆ ಹೋಗಿ, ಎಲ್ಲವೂ ತಿಳಿದದ್ದೇ ಎಂದು ಪಂಡಿತನು ದೂರುವುದು ನ್ಯಾಯವಲ್ಲ. ಭಾಷಣವನ್ನು ಅದು ಕೊಟ್ಟ ಮಾತಿನಿಂದಲೇ ಅಳೆಯಬೇಕು. ಹಿಂದಿನ ಸಾಲಿಗೆ ಧ್ವನಿ ತಲುಪಲಿಲ್ಲವೆಂದರೆ ಉಪಕಾರ. ಭಾಷಣಕಾರನ ಹುಟ್ಟೂರಿನ ಉಚ್ಚಾರಣೆಯನ್ನೂ ಉಡುಪನ್ನೂ ಹಾಸ್ಯಮಾಡಿದರೆ ಅಪಚಾರ. ಬರೆಯುವವನ ಹೆಸರು ಚೀಟಿಯಲ್ಲಿ ಇಲ್ಲದಿರಬಹುದು. ಮುಖಾಮುಖಿಯಾಗಿ ಆಡಲಾಗದ ಮಾತನ್ನು ಆ ಮರೆಯಲ್ಲಿ ಆಡುವುದು ವಿಮರ್ಶೆ ಎನಿಸದು.

ನಮ್ಮ ಅಲಂಕಾರಿಕರು ಕಾವ್ಯವನ್ನು ಸವಿಯಬಲ್ಲವನಿಗೆ ‘ಸಹೃದಯ’ನೆಂಬ ಹೆಸರಿಟ್ಟರು. ಕವಿಯ ಹೃದಯಕ್ಕೆ ಸಮನಾದ ಹೃದಯ ಓದುಗನಲ್ಲಿಯೂ ಇರಬೇಕೆಂಬುದು ಅದರ ಆಶಯ. ಯಂತ್ರದೊಡನೆ ಮಾತನಾಡುವವರ ಸಭೆಗೂ ಈ ಮಾತು ಸಲ್ಲುತ್ತದೆ. ಅರ್ಧ ಗಂಟೆ ನಮಗಾಗಿ ಮಾತನಾಡಿದವನಿಗೆ ಐದು ನಿಮಿಷ ಕುಳಿತು ನಾಲ್ಕು ನಿಜವಾದ ಸಾಲುಗಳನ್ನು ಬರೆದುಕೊಟ್ಟರೆ ಕೇಳಿದವರ ಋಣ ಸಂದಂತೆ.