ಆಸ್ಪತ್ರೆಯ ಸಣ್ಣ ಪರೀಕ್ಷೆಗಳು

‘ಪರೀಕ್ಷೆ’ ಎಂಬ ಮಾತು ಕಿವಿಗೆ ಬಿದ್ದೊಡನೆ ಶಾಲೆಯ ಹುಡುಗರಿಗಷ್ಟೇ ಅಲ್ಲ, ಅವರ ಅಜ್ಜಂದಿರಿಗೂ ಎದೆ ನಡುಗುತ್ತದೆ. ವೈದ್ಯರು ನಾಡಿ ಹಿಡಿದು ನೋಡಿ, ‘ರಕ್ತ, ಮೂತ್ರ ಪರೀಕ್ಷೆ ಮಾಡಿಸಿಕೊಂಡು ಬನ್ನಿ’ ಎಂದು ಚೀಟಿ ಬರೆದುಕೊಟ್ಟರೆ, ತಮಗೇನೋ ದೊಡ್ಡ ಕಾಯಿಲೆಯೇ ಬಂದಿತೆಂದು ಹಲವರು ಅರ್ಧ ಜೀವವಾಗುತ್ತಾರೆ. ಕೆಲವರು ಚೀಟಿಯನ್ನು ಜೇಬಿನಲ್ಲಿ ಮಡಿಸಿಟ್ಟುಕೊಂಡು ನೇರವಾಗಿ ಮನೆಯ ದಾರಿ ಹಿಡಿಯುತ್ತಾರೆ.

ಪದದ ಅರ್ಥವನ್ನು ವಿಚಾರಿಸಿದರೆ ಈ ಭಯಕ್ಕೆ ಎಡೆಯಿಲ್ಲ. ‘ಪರಿ’ ಎಂದರೆ ಸುತ್ತಲೂ. ‘ಈಕ್ಷೆ’ ಎಂದರೆ ನೋಟ. ಸುತ್ತಲೂ ಚೆನ್ನಾಗಿ ನೋಡುವುದೇ ಪರೀಕ್ಷೆ. ಆಸ್ಪತ್ರೆಯ ಪರೀಕ್ಷೆಯಲ್ಲಿ ತೇರ್ಗಡೆಯೂ ಇಲ್ಲ, ನಪಾಸೂ ಇಲ್ಲ. ಒಳಗೆ ಇರುವುದು ಇದ್ದಂತೆಯೇ ಕಾಣಬೇಕು, ಅಷ್ಟೆ. ಹಾಗೆ ಕಾಣಬೇಕಾದರೆ ಉಪಕರಣ ಎಷ್ಟು ಮುಖ್ಯವೋ ರೋಗಿಯ ಸಹಕಾರವೂ ಅಷ್ಟೇ ಮುಖ್ಯ. ಬೆಳಿಗ್ಗೆ ಹೋಗಿ ಮಧ್ಯಾಹ್ನಕ್ಕೆ ಮನೆ ಸೇರುವ ಹೊರರೋಗಿಗಳಿಗೆ ಸಾಮಾನ್ಯವಾಗಿ ಹೇಳುವ ಕೆಲವು ಪರೀಕ್ಷೆಗಳನ್ನು ಈ ದೃಷ್ಟಿಯಿಂದ ನೋಡೋಣ.

ಮೊದಲನೆಯದು ರಕ್ತಪರೀಕ್ಷೆ. ‘ಇರುವ ರಕ್ತವನ್ನೆಲ್ಲ ಎಳೆದುಬಿಟ್ಟರು’ ಎಂದು ಗೊಣಗುವವರುಂಟು. ವಯಸ್ಕರ ದೇಹದಲ್ಲಿ ಸುಮಾರು 5 ಲೀಟರ್ ರಕ್ತವಿರುತ್ತದೆ. ಒಂದು ಸಾಧಾರಣ ಪರೀಕ್ಷೆಗೆ ಬೇಕಾಗುವುದು 2ರಿಂದ 5 ಮಿಲಿಲೀಟರ್. ಎಂದರೆ ಒಂದು ಸಣ್ಣ ಚಮಚೆಗಿಂತ ಹೆಚ್ಚಲ್ಲ. ಅಷ್ಟನ್ನು ದೇಹವು ತಾನೇ ತುಂಬಿಕೊಳ್ಳುತ್ತದೆ. ಆ ಚಮಚೆಯಷ್ಟು ರಕ್ತದಿಂದ ರಕ್ತಹೀನತೆ ಇದೆಯೇ, ಎಲ್ಲಿಯಾದರೂ ಸೋಂಕು ತಗುಲಿರುವ ಸೂಚನೆ ಇದೆಯೇ, ಮೂತ್ರಪಿಂಡಗಳು ಸರಿಯಾಗಿ ಕೆಲಸ ಮಾಡುತ್ತಿವೆಯೇ ಎಂಬುದನ್ನೆಲ್ಲ ತಿಳಿಯಬಹುದು.

ಸಕ್ಕರೆ ಕಾಯಿಲೆಗಾಗಿ ಬರಿಹೊಟ್ಟೆಯಲ್ಲಿ ರಕ್ತ ಕೊಡಬೇಕೆಂದು ಹೇಳಿದರೆ, ಕನಿಷ್ಠ 8 ಗಂಟೆ ಏನನ್ನೂ ತಿಂದಿರಬಾರದು. ಬರಿಯ ನೀರು ಕುಡಿಯಬಹುದು. ‘ಒಂದು ಗುಟುಕು ಕಾಫಿ ತಾನೇ’ ಎನ್ನಬೇಡಿ. ಆ ಗುಟುಕಿನಲ್ಲಿ ಹಾಲೂ ಸಕ್ಕರೆಯೂ ಇವೆ. ದಿನನಿತ್ಯದ ಮಾತ್ರೆಯನ್ನು ಅಂದು ಯಾವಾಗ ನುಂಗಬೇಕೆಂದು ಹಿಂದಿನ ದಿನವೇ ವೈದ್ಯರನ್ನು ಕೇಳಿಕೊಳ್ಳಿ. ಬರಿಹೊಟ್ಟೆಯ ಸಕ್ಕರೆ 100 ಮಿಲಿಲೀಟರ್ ರಕ್ತದಲ್ಲಿ 100 ಮಿಲಿಗ್ರಾಮಿಗಿಂತ ಕಡಿಮೆ ಇದ್ದರೆ ಸಹಜ. 126 ಅಥವಾ ಅದಕ್ಕಿಂತ ಹೆಚ್ಚೆಂದು ಮತ್ತೊಮ್ಮೆ ನೋಡಿದಾಗಲೂ ಕಂಡರೆ ಅದು ಮಧುಮೇಹ.

ಪರೀಕ್ಷೆಗೆ ಮೂರು ದಿನ ಮುಂಚೆ ಸಿಹಿ ಬಿಟ್ಟು, ಅನ್ನ ಬಿಟ್ಟು, ಅಂಕಿಯನ್ನು ಇಳಿಸಿ ತೋರಿಸುವ ಜಾಣರೂ ನಮ್ಮಲ್ಲಿದ್ದಾರೆ. ಅವರ ಜಾಣತನ ಹೆಚ್ಚು ದೂರ ನಡೆಯುವುದಿಲ್ಲ. ರಕ್ತದ ಕೆಂಪು ಕಣಗಳ ಆಯುಸ್ಸು ಸುಮಾರು 120 ದಿನ. ಅಷ್ಟು ಕಾಲವೂ ಸಕ್ಕರೆಯು ಆ ಕಣಗಳೊಳಗಿನ ಹಿಮೋಗ್ಲೋಬಿನ್ನಿಗೆ ಅಂಟುತ್ತಾ ಹೋಗುತ್ತದೆ. ಎಚ್‌ಬಿ ಎ1ಸಿ ಎಂಬ ಪರೀಕ್ಷೆ ಅದನ್ನು ಅಳೆದು, ಹಿಂದಿನ ಎರಡು ಮೂರು ತಿಂಗಳ ಲೆಕ್ಕವನ್ನು ಒಪ್ಪಿಸುತ್ತದೆ. ಅದಕ್ಕೆ ಉಪವಾಸವೂ ಬೇಕಿಲ್ಲ. ಅದಿರಲಿ, ಸುಳ್ಳು ಅಂಕಿಗೆ ತಕ್ಕಂತೆ ಕೊಟ್ಟ ಔಷಧಿಯಿಂದ ಹಾನಿಯಾಗುವುದು ಯಾರಿಗೆ? ವೈದ್ಯರಿಗಂತೂ ಅಲ್ಲ.

ಮೂತ್ರಪರೀಕ್ಷೆಗೆ ಮನೆಯ ಹಳೆಯ ಔಷಧಿ ಸೀಸೆಯನ್ನು ತರಬೇಡಿ. ಅದರ ತಳದಲ್ಲಿ ಉಳಿದಿದ್ದೂ ಪರೀಕ್ಷೆಗೆ ಸೇರಿಬಿಡುತ್ತದೆ. ಆಸ್ಪತ್ರೆಯಲ್ಲಿ ಕೊಟ್ಟ ಪಾತ್ರೆಯನ್ನೇ ಉಪಯೋಗಿಸಿ. ಮೊದಲು ಬರುವುದನ್ನು ಬಿಟ್ಟು, ನಡುವಿನದನ್ನು ಹಿಡಿದು, ತಡಮಾಡದೆ ಒಪ್ಪಿಸಿ. ಗಂಟೆಗಟ್ಟಲೆ ಬಿಸಿಲಲ್ಲಿಟ್ಟರೆ ಅದರಲ್ಲಿ ಕ್ರಿಮಿಗಳು ಹೆಚ್ಚಿ, ಇಲ್ಲದ ಸೋಂಕು ಇದ್ದಂತೆ ಕಾಣಬಹುದು.

ಹೃದಯದ ಇ.ಸಿ.ಜಿ. ಎಂದರೆ ‘ಕರೆಂಟು ಕೊಡುತ್ತಾರೆ’ ಎಂಬ ಹೆದರಿಕೆ ಹಳ್ಳಿಗಳಲ್ಲಿದೆ. ವಿಷಯ ಇದಕ್ಕೆ ತಿರುಗುಮುರುಗು. ಪ್ರತಿ ಬಡಿತದಲ್ಲಿಯೂ ಹೃದಯವೇ ಅತ್ಯಲ್ಪ ವಿದ್ಯುತ್ತನ್ನು ಉಂಟುಮಾಡುತ್ತದೆ. ಯಂತ್ರವು ಅದನ್ನು ಕಾಗದದ ಮೇಲೆ ಗೆರೆಯಾಗಿ ಬರೆದುಕೊಳ್ಳುತ್ತದೆಯೇ ಹೊರತು ದೇಹಕ್ಕೆ ಏನನ್ನೂ ಕಳುಹಿಸುವುದಿಲ್ಲ. ಇದನ್ನು ಸಾಧಿಸಿದ ಹಾಲೆಂಡಿನ ಐಂಥೋವನ್ ಅವರಿಗೆ 1924ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಅಲುಗದೆ, ಮಾತಾಡದೆ ಮಲಗಿರುವುದಷ್ಟೇ ನಿಮ್ಮ ಕೆಲಸ. ಆದರೆ ಗೆರೆ ಸರಿಯಾಗಿತ್ತೆಂದು ಮೈಮರೆಯಬಾರದು. ಎದೆನೋವು ಮರುಕಳಿಸಿದರೆ ಕೂಡಲೇ ಮತ್ತೆ ಹೋಗಬೇಕು. ಆ ಗೆರೆ ಹೇಳಿದ್ದು ಅದನ್ನು ತೆಗೆದ ಹೊತ್ತಿನ ಸಂಗತಿಯನ್ನು ಮಾತ್ರ.

ಕೊನೆಯದು ಕಫಪರೀಕ್ಷೆ. ನೋಡುವುದಕ್ಕೆ ಎಲ್ಲಕ್ಕಿಂತ ಕ್ಷುಲ್ಲಕ. ಪರಿಣಾಮದಲ್ಲಿ ಬಹಳ ದೊಡ್ಡದು. ಕ್ಷಯರೋಗದ ಕ್ರಿಮಿಯನ್ನು ಜರ್ಮನಿಯ ರಾಬರ್ಟ್ ಕಾಕ್ ಅವರು 1882ರಲ್ಲಿಯೇ ತೋರಿಸಿಕೊಟ್ಟರು. ಬೆಂಗಳೂರಿನಲ್ಲಿ 1959ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ವಿಚಾರಿಸಿ, 1963ರಲ್ಲಿ ಪ್ರಕಟಿಸಿದ ಸಂಗತಿ ಮನಮುಟ್ಟುವಂಥದು. ಕ್ಷಯವಿದ್ದವರಲ್ಲಿ ಬಹು ಮಂದಿಗೆ ತಮ್ಮ ದೇಹ ಸರಿಯಿಲ್ಲವೆಂಬ ಅರಿವಿತ್ತು. ಹಲವರು ತಾವಾಗಿಯೇ ಆಸ್ಪತ್ರೆಗೂ ಹೋಗಿದ್ದರು. ಆದರೆ ಸಾಮಾನ್ಯವಾಗಿ ಅವರ ಕೈಗೆ ಬಂದದ್ದು ಕೆಮ್ಮಿನ ಔಷಧಿಯ ಒಂದು ಸೀಸೆ. ಆದ್ದರಿಂದ ಎರಡು ವಾರಕ್ಕೂ ಮೀರಿ ಕೆಮ್ಮಿದ್ದರೆ, ವೈದ್ಯರು ಹೇಳದಿದ್ದರೂ ‘ಕಫಪರೀಕ್ಷೆ ಬೇಕೇ?’ ಎಂದು ನೀವೇ ಕೇಳಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಅದಕ್ಕೆ ಹಣ ಕೊಡಬೇಕಾಗಿಲ್ಲ.

ಕೊಡುವ ಕ್ರಮ ಹೀಗೆ: ಬಾಯಿ ಮುಕ್ಕಳಿಸಿ, ಬಯಲಿನಲ್ಲಿ ಜನರಿಂದ ದೂರ ನಿಂತು, ಎರಡು ಮೂರು ಸಲ ದೀರ್ಘವಾಗಿ ಉಸಿರೆಳೆದು, ಎದೆಯಾಳದಿಂದ ಕೆಮ್ಮಿ ಕಫ ತೆಗೆಯಬೇಕು. ಸಾಮಾನ್ಯವಾಗಿ ಎರಡು ಬಾರಿ ಕೊಡಬೇಕಾಗುತ್ತದೆ. ಅವುಗಳಲ್ಲೊಂದು ಬೆಳಿಗ್ಗೆ ಎದ್ದೊಡನೆ ತೆಗೆದದ್ದು. ಸೂಕ್ಷ್ಮದರ್ಶಕಕ್ಕೆ ಕಾಣಬೇಕಾದರೆ ಒಂದು ಮಿಲಿಲೀಟರ್ ಕಫದಲ್ಲಿ ಸುಮಾರು 5,000ದಿಂದ 10,000 ಕ್ರಿಮಿಗಳಾದರೂ ಇರಬೇಕು. ನಾಚಿಕೆಯಿಂದಲೋ ಅವಸರದಿಂದಲೋ ಬರಿಯ ಎಂಜಲನ್ನು ಉಗುಳಿಕೊಟ್ಟರೆ, ಇರುವ ರೋಗವೂ ‘ಇಲ್ಲ’ ಎಂದು ಬಂದೀತು. ಆ ಒಂದು ಸುಳ್ಳು ‘ಇಲ್ಲ’ವನ್ನು ನಂಬಿ ಮನೆಗೆ ಮರಳಿದವರು ರಾತ್ರಿ ಮಕ್ಕಳ ಮಗ್ಗುಲಲ್ಲೇ ಮಲಗಿ ಕೆಮ್ಮುತ್ತಾರೆ. ರೋಗ ಪತ್ತೆಯಾದರೆ, ಸಾಮಾನ್ಯ ಕ್ಷಯ ಆರು ತಿಂಗಳ ಔಷಧಿಯಿಂದ ವಾಸಿಯಾಗುತ್ತದೆ.

ಫಲಿತಾಂಶದ ಕಾಗದಗಳನ್ನು ಎಸೆಯಬೇಡಿ. ತಾರೀಖಿನ ಕ್ರಮದಲ್ಲಿ ಜೋಡಿಸಿಟ್ಟು, ಮುಂದಿನ ಸಲ ವೈದ್ಯರಿಗೆ ತೋರಿಸಿ. ನೆರೆಮನೆಯವರ ಅಂಕಿಯೊಡನೆ ನಿಮ್ಮದನ್ನು ಹೋಲಿಸಿ ಕೊರಗಬೇಡಿ. ಅಂಕಿಗೆ ಅರ್ಥ ಹೇಳುವುದು ವೈದ್ಯರ ಕೆಲಸ. ಆ ಅಂಕಿ ನಿಜವಾಗಿರುವಂತೆ ನೋಡಿಕೊಳ್ಳುವುದರಲ್ಲಿ ನಿಮ್ಮ ಪಾಲೂ ಉಂಟು.