ಬಿಡುವಿಲ್ಲದ ಹೆಗಲು

ಹಗಲು ವೈಟ್‌ಫೀಲ್ಡಿನ ಐ.ಟಿ. ಕಂಪನಿಯೊಂದರಲ್ಲಿ ಫಿಸಿಯೋಥೆರಪಿ ಕೆಲಸ, ಸಂಜೆ ಪೀಣ್ಯದ ಪಕ್ಕದ ದಾಸರಹಳ್ಳಿಯಲ್ಲಿ ನನ್ನದೇ ಪುಟ್ಟ ಕ್ಲಿನಿಕ್ಕು. ಅಲ್ಲಿ ದುಬಾರಿ ಕುರ್ಚಿಯಲ್ಲಿ ಕೂತವರು, ಇಲ್ಲಿ ಒರಗಲು ಏನೂ ಇಲ್ಲದ ಸ್ಟೂಲಿನ ಮೇಲೆ ಕೂತು ಗಾರ್ಮೆಂಟ್ಸ್ ಹೊಲಿಯುವವರು. ಇಬ್ಬರೂ ಕೈಯಿಟ್ಟು ತೋರಿಸುವ ಜಾಗ ಒಂದೇ: ಕತ್ತಿನ ಬುಡದಿಂದ ಭುಜದ ತುದಿಯವರೆಗಿನ ಇಳಿಜಾರು. ಅಲ್ಲಿರುವ ಸ್ನಾಯುವಿನ ಹೆಸರು ಟ್ರಪೀಜಿಯಸ್. ‘ನಾನೇನು ಮೂಟೆ ಹೊರ್ತೀನಾ ಮೇಡಂ, ಆದ್ರೂ ಹೆಗಲು ಸೇದತ್ತೆ’ ಎನ್ನುವ ದೂರೂ ಒಂದೇ.

ಮೂಟೆ ಹೊರುವವರ ಪಾಡು ಬೇರೆ. ಆದರೆ ಅವರು ಮೂಟೆ ಇಳಿಸುತ್ತಾರೆ. ಕಾಲರ್ ಕೂರಿಸುವವಳ ತೋಳು, ಮೌಸ್ ಹಿಡಿದವನ ತೋಳು ಗಾಳಿಯಲ್ಲೇ ತೂಗುತ್ತಿರುತ್ತವೆ, ಅವನ್ನು ಎತ್ತಿ ಹಿಡಿದ ಸ್ನಾಯುವಿಗೆ ಇಳಿಸುವ ಹೊತ್ತೇ ಬರುವುದಿಲ್ಲ.

ಇದು ಬರೀ ಮಾತಲ್ಲ, ಅಳೆಯಬಹುದು. ಆ ವಿಧಾನಕ್ಕೆ ಸರ್ಫೇಸ್ ಇ.ಎಂ.ಜಿ. ಎನ್ನುತ್ತಾರೆ. ಇದರಲ್ಲಿ ಸೂಜಿ ಚುಚ್ಚುವುದಿಲ್ಲ. ತಲೆ ಬಗ್ಗಿಸಿದಾಗ ಕತ್ತಿನ ಹಿಂದೆ ಮೂಳೆಯೊಂದು ಎದ್ದು ಸಿಗುತ್ತದೆ. ಅಲ್ಲಿಂದ ಭುಜದ ತುದಿಯ ಮೂಳೆಗೆ ಟೇಪು ಹಿಡಿದು ನಟ್ಟನಡುವೆ ಗುರುತು ಹಾಕಬೇಕು. ಸ್ಪಿರಿಟ್ಟಿನಲ್ಲಿ ಚರ್ಮ ಒರೆಸಿ, 2 ಸೆಂಟಿಮೀಟರ್ ಅಂತರದಲ್ಲಿ ಎರಡು ಅಂಟುಬಿಲ್ಲೆ ಅಂಟಿಸಿದರೆ ಸ್ನಾಯುವಿನ ವಿದ್ಯುತ್ತು ಪರದೆಯ ಮೇಲೆ ಗೆರೆಯಾಗಿ ಓಡತೊಡಗುತ್ತದೆ. ಎಡಭುಜವಾದರೆ ಎದೆಬಡಿತವೂ ನಡುನಡುವೆ ನುಸುಳಿ ಗೆರೆ ಕೆಡಿಸುವುದುಂಟು, ಅದನ್ನು ಸೋಸಿ ತೆಗೆಯಬೇಕು. ಮೊದಲು ಭುಜದ ಪೂರ್ತಿ ಬಲ ಹಾಕಿಸಿ, ಆಗ ಬಂದದ್ದನ್ನು 100 ಎಂದು ಇಟ್ಟುಕೊಳ್ಳುತ್ತಾರೆ. ಕೆಲಸದ ಹೊತ್ತಿನದು ಅದರಲ್ಲಿ ಶೇಕಡಾ ಎಷ್ಟು ಎಂಬುದೇ ಲೆಕ್ಕ.

ಆ ಗೆರೆಯಲ್ಲಿ ಸುಮಾರು 20ರಿಂದ 500 ಹರ್ಟ್ಸ್‌ವರೆಗಿನ ಕಂಪನಗಳು ಬೆರೆತಿರುತ್ತವೆ. ತೋಳನ್ನು ಪಕ್ಕಕ್ಕೆ ಚಾಚಿ ಹಾಗೇ ಹಿಡಿದಿರಿ ಎಂದರೆ ಸ್ವಲ್ಪ ಹೊತ್ತಿಗೆ ಅಲೆ ದೊಡ್ಡದಾಗುತ್ತದೆ, ಕಂಪನ ನಿಧಾನವಾಗುತ್ತದೆ. ದಣಿದ ಎಳೆಗಳಲ್ಲಿ ಆಮ್ಲದ ಅಂಶ ಹೆಚ್ಚಿ ಸಂಕೇತದ ಓಟ ಕುಂಟುತ್ತದೆ. ಕೊರತೆ ತುಂಬಲು ಹೊಸ ಎಳೆಗಳು ಕೆಲಸಕ್ಕಿಳಿಯುತ್ತವೆ. ‘ಆಗಲ್ಲ’ ಎಂದು ಕೈ ಬಿಡುವ ಮೊದಲೇ ದಣಿವು ಪರದೆಯ ಮೇಲಿರುತ್ತದೆ.

ಆದರೆ ಹೊಲಿಗೆಗಾಗಲೀ ಕೀಬೋರ್ಡಿಗಾಗಲೀ ಈ ಸ್ನಾಯುವಿನ ಬಲದಲ್ಲಿ ಬೇಕಾಗುವುದು ಚೂರೇ ಚೂರು. 1960ರಲ್ಲಿ ಜರ್ಮನಿಯ ರೋಮರ್ಟ್, ಶೇಕಡಾ 15ಕ್ಕಿಂತ ಕಡಿಮೆ ಬಲವನ್ನು ಎಷ್ಟು ಹೊತ್ತಾದರೂ ಹಿಡಿದಿರಬಹುದು ಎಂದಿದ್ದರು. ಅದು ನಿಲ್ಲಲಿಲ್ಲ. ಸ್ವೀಡನ್ನಿನ ಯೋನ್ಸನ್ ಆ ಮಿತಿಯನ್ನು ಶೇಕಡಾ 2ಕ್ಕೆ, ಹೆಚ್ಚೆಂದರೆ 5ಕ್ಕೆ ಇಳಿಸಿದರು. ಅಲ್ಲಿನವರೇ ಆದ ಹೆಗ್ 1991ರಲ್ಲಿ ಕಾರಣವೊಂದನ್ನು ಮುಂದಿಟ್ಟರು: ಸ್ನಾಯುವಿನಲ್ಲಿ ಎಲ್ಲಕ್ಕಿಂತ ಮೊದಲು ಕೆಲಸಕ್ಕೆ ಏಳುವ ಚಿಕ್ಕ ಎಳೆಗಳೇ ಎಲ್ಲಕ್ಕಿಂತ ಕೊನೆಗೆ ಮಲಗುತ್ತವೆ, ಕೆಲಸ ಹಗುರವಾದರೂ ಅವಕ್ಕೆ ರಜೆಯಿಲ್ಲ. ಕಥೆಯಲ್ಲಿ ಮನೆಗೆಲಸದಿಂದ ಬಿಡುವೇ ಸಿಗದ ಸಿಂಡ್ರೆಲಾಳಂತೆ, ಸಿಂಡ್ರೆಲಾ ಎಳೆಗಳು ಎಂದು ಅವಕ್ಕೆ ಹೆಸರಾಯಿತು. ಇದನ್ನು ಸಿಂಗಲ್ ನೀಡಲ್ ಮಷಿನ್ನಿನ ಹೆಣ್ಣುಮಗಳೊಬ್ಬಳಿಗೆ ಹೇಳಿದೆ. ‘ನಮ್ಮನೇಲಿ ನಾನಿದ್ದಂಗೆ ಅನ್ನಿ’ ಎಂದಳು.

ನನಗೆ ಹೆಚ್ಚು ಮುಖ್ಯವೆನಿಸುವುದು ನಾರ್ವೆಯ ಅಧ್ಯಯನ. 1990ರ ಸುಮಾರಿಗೆ ವೇಯರ್‌ಸ್ಟೆಡ್ ಮತ್ತು ಸಂಗಡಿಗರು ಚಾಕೊಲೇಟ್ ಪ್ಯಾಕ್ ಮಾಡುವ ಹೆಂಗಸರ ಭುಜಕ್ಕೆ ಬಿಲ್ಲೆ ಅಂಟಿಸಿ, ಸ್ನಾಯು ಎಷ್ಟು ದುಡಿಯಿತು ಎನ್ನುವುದರ ಜೊತೆಗೆ ಎಷ್ಟು ಸಲ ಬಿಡುವು ಪಡೆಯಿತು ಎಂದೂ ಎಣಿಸಿದರು. ಬಿಡುವೆಂದರೆ ಸೆಕೆಂಡಿನ ಐದನೇ ಒಂದು ಪಾಲಿನಷ್ಟು ಹೊತ್ತು ಗೆರೆ ತಳಕ್ಕಿಳಿಯುವುದು, ಅಷ್ಟೆ. ಅಂಥ ಬಿಡುವು ಕಡಿಮೆಯಿದ್ದವರಿಗೇ ಮುಂದೆ ನೋವು ಕಾಣಿಸಿಕೊಂಡದ್ದು. ಗಂಟೆಗಿಷ್ಟು ಪೀಸು ಎಂದು ಟಾರ್ಗೆಟ್ ಕೊಟ್ಟು, ಸೂಪರ್‌ವೈಸರನ್ನು ಬೆನ್ನ ಹಿಂದೆ ನಿಲ್ಲಿಸಿದರೆ ಮೊದಲು ಹೋಗುವುದೇ ಈ ಪುಟ್ಟ ಬಿಡುವುಗಳು. ಕೈ ಅಲ್ಲಾಡಬೇಕೆಂದೂ ಇಲ್ಲ. 1994ರಲ್ಲಿ ಸ್ವೀಡನ್ನಿನ ಲುಂಡ್‌ಬರ್ಗ್, ಮನಸ್ಸಿನ ಒತ್ತಡವೊಂದೇ ಇದೇ ಸ್ನಾಯುವನ್ನು ಬಿಗಿಗೊಳಿಸುತ್ತದೆ ಎಂದು ಅಳೆದು ತೋರಿಸಿದರು. ವೈಟ್‌ಫೀಲ್ಡಿನಲ್ಲಿ ಕುರ್ಚಿ ಬದಲಾದರೂ ನೋವು ಬದಲಾಗದ್ದಕ್ಕೆ ಇದೂ ಒಂದು ಕಾರಣ. ನಮ್ಮ ಬೆಂಗಳೂರಿನಲ್ಲೇ ಡಾ. ದೀಪಕ್ ಶರಣ್ ಮತ್ತು ತಂಡ ಕಂಪ್ಯೂಟರ್ ಉದ್ಯೋಗಿಗಳ ಮೇಲೆ ನಡೆಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನವೂ ಕೂರುವ ಭಂಗಿಯೊಂದನ್ನೇ ಅಲ್ಲ, ಕೆಲಸ ಮಾಡುವ ರೀತಿಯನ್ನೇ ನೋಡಿತ್ತು: ನೋವಿದ್ದರೂ ನಿಲ್ಲಿಸದಿರುವುದು, ಡೆಡ್‌ಲೈನಿನ ಒತ್ತಡ, ಬಿಡುವು ತೆಗೆದುಕೊಳ್ಳದಿರುವುದು.

ಇ.ಎಂ.ಜಿ. ಯಂತ್ರ ನನ್ನ ಕ್ಲಿನಿಕ್ಕಿನಲ್ಲಿಲ್ಲ. ಇದ್ದರೂ ಅದು ನೋವನ್ನು ಅಳೆಯುವುದಿಲ್ಲ, ಇಷ್ಟು ಹಗುರ ಕೆಲಸದಲ್ಲಿ ಕಂಪನದ ಇಳಿತ ಸರಿಯಾಗಿ ಕಾಣದೆಯೂ ಹೋಗಬಹುದು. ನಾನು ಬಳಸುವುದು ಗುನ್ನಾರ್ ಬೋರ್ಗ್ ರೂಪಿಸಿದ ಸೊನ್ನೆಯಿಂದ ಹತ್ತರ ಪಟ್ಟಿ. ಬೆಳಗ್ಗೆ ಮಷಿನ್ ಮುಂದೆ ಕೂತಾಗ ಹೆಗಲ ನೋವು ಎಷ್ಟು, ಊಟದ ಹೊತ್ತಿಗೆ ಎಷ್ಟು, ಶಿಫ್ಟ್ ಬಿಟ್ಟಾಗ ಎಷ್ಟು ಎಂದು ಬರೆದು ತರಲು ಹೇಳುತ್ತೇನೆ. ಸಂಜೆ ಆರಿದ್ದ ಅಂಕ ಮರುದಿನ ಬೆಳಗ್ಗೆ ಒಂದಕ್ಕಿಳಿದರೆ ಅದು ದಣಿವು. ಭಾನುವಾರ ಕಳೆದು ಸೋಮವಾರ ಬೆಳಗ್ಗೆಯೂ ನಾಲ್ಕರಲ್ಲೇ ನಿಂತಿದ್ದರೆ ತಡಮಾಡಬಾರದು. ತೋಳಿಗೆ ಜೋಮು ಇಳಿದರೆ, ಹಿಡಿತ ಸಡಿಲವಾದರೆ ಬಾಮು ಹಚ್ಚಿಕೊಂಡು ಕೂರದೆ ಡಾಕ್ಟರ ಬಳಿ ಹೋಗಿ. ಎಡಭುಜದ ನೋವಿನ ಜೊತೆ ಎದೆ ಬಿಗಿತ, ಬೆವರು ಬಂದರೆ ಅದು ನನ್ನ ಕ್ಲಿನಿಕ್ಕಿನ ವಿಷಯವೇ ಅಲ್ಲ, ಕೂಡಲೇ ಆಸ್ಪತ್ರೆ.

ವ್ಯಾಯಾಮಕ್ಕೆ ಪುರುಸೊತ್ತಿಲ್ಲ ಎನ್ನುವವರಿಗೆ ಡೆನ್ಮಾರ್ಕಿನ ಕಥೆ ಹೇಳುತ್ತೇನೆ. ಆಫೀಸಿನವರಿಗೆ ರಬ್ಬರ್ ಟ್ಯೂಬು ಕೊಟ್ಟು, ಎರಡೂ ತೋಳನ್ನು ಪಕ್ಕಕ್ಕೆ ಎತ್ತಿ ಇಳಿಸುವ ವ್ಯಾಯಾಮ ಮಾಡಿಸಿದರು, ದಿನಕ್ಕೆ 2 ನಿಮಿಷ, ವಾರಕ್ಕೆ 5 ದಿನ, 10 ವಾರ. ಕತ್ತು-ಭುಜದ ನೋವು ಇಳಿಯಿತು. ಈ ಫಲಿತಾಂಶ ಪ್ರಕಟವಾದದ್ದು 2011ರಲ್ಲಿ. ಹಾಗೆಂದು ಟ್ಯೂಬು ಹಂಚಿ ಟಾರ್ಗೆಟ್ ಏರಿಸುವ ಕಂಪನಿಗಳನ್ನು ನಾನು ಒಪ್ಪುವುದಿಲ್ಲ.

2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆ ವರದಿ ಮಾಡಲೇಬೇಕೆಂದು ಪಟ್ಟಿ ಮಾಡಿದ್ದ ಕಾಯಿಲೆಗಳು 29. ಸೀಸದ ವಿಷ ಇತ್ತು, ಸಿಲಿಕೋಸಿಸ್ ಇತ್ತು, ಗದ್ದಲದಿಂದ ಬರುವ ಕಿವುಡಿತ್ತು. ಹೊಲಿದು ಹೊಲಿದು ಬಂದ ಕತ್ತು ನೋವಿರಲಿಲ್ಲ. ಬರೆದಿಡದ ನೋವಿಗೆ ಲೆಕ್ಕವಿಲ್ಲ. ಅದಕ್ಕೇ ಇ.ಎಸ್.ಐ. ಡಿಸ್ಪೆನ್ಸರಿಗೆ ಹೋದಾಗ ‘ಕತ್ತು ನೋವು’ ಎಂದಷ್ಟೇ ಹೇಳಿ ಮಾತ್ರೆ ಈಸಿಕೊಂಡು ಬರಬೇಡಿ. ಯಾವ ಮಷಿನ್, ದಿನಕ್ಕೆಷ್ಟು ತಾಸು, ಗಂಟೆಗೆಷ್ಟು ಪೀಸು ಎಂಬುದನ್ನೂ ಹೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ.