ಗೋವಾದಲ್ಲಿ ಮನೆಮಂದಿಯ ರಜೆ: ರೆಸಾರ್ಟ್ ಸರಿಯೋ, ವಿಲ್ಲಾ ಸರಿಯೋ?

ಚಿಕ್ಕ ಮಕ್ಕಳು, ವಯಸ್ಸಾದವರ ಜತೆ ಗೋವಾದ ಕಡಲತೀರದಲ್ಲಿ ಆರಾಮಾಗಿ ಕೂರಲು ಆಗುವುದು ದಿನಕ್ಕೆ ನಾಲ್ಕೈದು ತಾಸು ಮಾತ್ರ. ಬೆಳಿಗ್ಗೆ ಹತ್ತರವರೆಗೆ ಒಂದಿಷ್ಟು, ಸಂಜೆ ನಾಲ್ಕರ ಮೇಲೆ ಒಂದಿಷ್ಟು. ನಡುವಿನ ಹೊತ್ತಿನಲ್ಲಿ ಮರಳು ಅಂಗಾಲು ಸುಡುತ್ತದೆ. ಡಿಸೆಂಬರಿನಲ್ಲೂ ಬಿಸಿಲು ತಡೆಯಲಾಗುವುದಿಲ್ಲ. ಹೀಗಾಗಿ ರಜೆಯ ಹೆಚ್ಚಿನ ಪಾಲು ಕಳೆಯುವುದು ಉಳಿದುಕೊಂಡ ಜಾಗದಲ್ಲೇ. ಬುಕಿಂಗ್ ಮಾಡುವಾಗ ಮಾತ್ರ ನಮ್ಮ ಕಣ್ಣು ಮೊದಲು ಹೋಗುವುದು ಸೂರ್ಯಾಸ್ತದ ಫೋಟೊ ಮೇಲೆ. ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಅಲ್ಲಿ ಏನು ಮಾಡುತ್ತೇವೆ ಎಂದು ಯಾರೂ ಕೇಳಿಕೊಳ್ಳುವುದಿಲ್ಲ. ಈಜುಕೊಳದ ಮೇಲೆ ನೆರಳು ಬೀಳುತ್ತದೆಯೇ, ಮಕ್ಕಳು ಓಡಾಡಲು ಮರದಡಿ ಜಾಗವಿದೆಯೇ, ಅಜ್ಜಿ ಊಟ ಮಾಡಿ ಮಲಗಿದಾಗ ಮೊಮ್ಮಕ್ಕಳು ಗಲಾಟೆ ಮಾಡಲು ಬೇರೊಂದು ಕೋಣೆ ಇದೆಯೇ? ಜಾಗದ ಆಯ್ಕೆ ಈ ಪ್ರಶ್ನೆಗಳಿಂದ ಶುರುವಾಗಬೇಕು.

ಅದಕ್ಕೂ ಮುಂಚೆ ಹೊರಟವರ ವಯಸ್ಸನ್ನು ಒಂದು ಹಾಳೆಯ ಮೇಲೆ ಬರೆದುಕೊಳ್ಳಿ. ಗುಂಪಿನಲ್ಲಿ ಎಲ್ಲರಿಗಿಂತ ಕಿರಿಯರು ಮತ್ತು ಎಲ್ಲರಿಗಿಂತ ಹಿರಿಯರು, ಈ ಇಬ್ಬರಿಗೆ ಒಗ್ಗುವ ಜಾಗ ಉಳಿದವರಿಗೆ ಹೇಗೂ ಒಗ್ಗುತ್ತದೆ. ಮೂರು ವರ್ಷದ ಮಗುವಿಗೆ ಬೇಕಾದದ್ದು ಮೊಣಕಾಲುದ್ದದ ನೀರು, ಹೊತ್ತಿಗೆ ಸರಿಯಾಗಿ ಅನ್ನ, ಮಧ್ಯಾಹ್ನದ ನಿದ್ದೆ. ಮಂಡಿನೋವಿನ ಅಪ್ಪನಿಗೆ ಬೇಕಾದದ್ದು ನೆಲಮಹಡಿಯ ಕೋಣೆ, ಹಿಡಿದುಕೊಳ್ಳಲು ಕಂಬಿಯಿರುವ ಬಚ್ಚಲು, ಜಾರದ ನೆಲ.

ಗೋವಾ ಸಣ್ಣ ರಾಜ್ಯ, 3,702 ಚದರ ಕಿಲೋಮೀಟರ್. ಆದರೂ ಉತ್ತರಕ್ಕೂ ದಕ್ಷಿಣಕ್ಕೂ ಸ್ವಭಾವವೇ ಬೇರೆ. ಉತ್ತರದ ಕಲಂಗುಟ್, ಬಾಗಾ, ಅಂಜುನಾ, ವಾಗಾತೋರ್ ಕಡೆ ಜನಜಂಗುಳಿ, ಅಂಗಡಿ, ರಾತ್ರಿಯ ಸಂಗೀತ ಎಲ್ಲವೂ ಹೆಚ್ಚು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ ಎಂದು 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ ಹೇಳಿದರೂ ಅಲ್ಲಿನ ನಿವಾಸಿಗಳ ದೂರು ನಿಂತಿಲ್ಲ. ತೊಟ್ಟಿಲ ಮಗುವಿರುವವರು ಆ ಪಟ್ಟಿಯಿಂದ ದೂರ ಇರುವುದೇ ಲೇಸು. ದಕ್ಷಿಣದಲ್ಲಿ ಕೋಲ್ವಾ, ಬೆನೌಲಿಂ, ವಾರ್ಕಾ, ಕವೆಲೊಸಿಂ ಒಂದೇ ಉದ್ದನೆಯ ಮರಳಿನ ಮೇಲೆ ಇಪ್ಪತ್ತಕ್ಕೂ ಹೆಚ್ಚು ಕಿಲೋಮೀಟರ್ ಸಾಲಾಗಿ ನಿಂತಿವೆ. ವಿಸ್ತಾರವಾದ ತೋಟವಿರುವ ದೊಡ್ಡ ರೆಸಾರ್ಟ್‌ಗಳು ಹಲವು ಇಲ್ಲೇ ಇವೆ. ಮಡಗಾಂವ್ ರೈಲು ನಿಲ್ದಾಣವೂ ಹತ್ತಿರ. ಇನ್ನೂ ಕೆಳಗೆ, ಕಾರವಾರದ ಗಡಿಗೆ ಹತ್ತಿರವಿರುವ ಕಾಣಕೋಣದ ಪಾಲೊಲೆಂ ಅರ್ಧಚಂದ್ರಾಕಾರದ ಕೊಲ್ಲಿ. ನೀರು ಮೆಲ್ಲಗೆ ಆಳವಾಗುವುದರಿಂದ ಮಕ್ಕಳಿಗೆ ಅನುಕೂಲ. ಅಲ್ಲಿಂದ ತುಸುವೇ ದೂರದ ಅಗೋಂಡಾ ನೋಡಲು ಎಷ್ಟು ಶಾಂತವೋ ಅದರ ಸೆಳೆತ ಅಷ್ಟೇ ಬಲವಾದದ್ದು. ನಡೆದಾಡಲು ಅದು ಸೊಗಸು, ಮಕ್ಕಳನ್ನು ನೀರಿಗಿಳಿಸಲು ಅಲ್ಲ.

ವಿಮಾನದಲ್ಲಿ ಬರುವವರು ಟಿಕೆಟ್ ತೆಗೆಯುವ ಮೊದಲೇ ಉಳಿಯುವ ಊರು ಗೊತ್ತುಮಾಡಿಕೊಳ್ಳಬೇಕು. ದಾಬೋಳಿಯ ಹಳೆಯ ನಿಲ್ದಾಣ ದಕ್ಷಿಣದ ತೀರಕ್ಕೆ ಹತ್ತಿರ. 2023ರ ಜನವರಿಯಲ್ಲಿ ಹಾರಾಟ ಶುರುವಾದ ಮೋಪಾ ನಿಲ್ದಾಣ ಇರುವುದು ಉತ್ತರದ ಅಂಚಿನಲ್ಲಿ. ಅಲ್ಲಿಂದ ಪಾಲೊಲೆಂಗೆ ಸುಮಾರು ನೂರು ಕಿಲೋಮೀಟರ್. ಟಿಕೆಟಿನಲ್ಲಿ ಉಳಿಸಿದ್ದು ಟ್ಯಾಕ್ಸಿಗೆ ಹೋಗುತ್ತದೆ, ಜತೆಗೆ ಮಗು ಎರಡು ತಾಸಿಗೂ ಹೆಚ್ಚು ಕಾರಿನಲ್ಲಿ ಅಳುತ್ತದೆ. ಬೆಂಗಳೂರಿನಲ್ಲಿ ಮೊಬೈಲ್ ತೆಗೆದ ಕೂಡಲೇ ಕ್ಯಾಬ್ ಸಿಗುವ ಹಾಗೆ ಅಲ್ಲಿ ಸಿಗುವುದಿಲ್ಲ. 2018ರಿಂದ ಗೋವಾಮೈಲ್ಸ್ ಎಂಬ ಆ್ಯಪ್ ಇದೆ. ಉಳಿದಂತೆ ಸ್ಥಳೀಯ ಟ್ಯಾಕ್ಸಿಯವರು ಹೇಳಿದ ದರ. ತೀರದಿಂದ ಒಳಗಿರುವ ವಿಲ್ಲಾ ಹಿಡಿದರೆ ಪ್ರತಿ ಊಟಕ್ಕೂ ಪ್ರತಿ ಕಡಲಸ್ನಾನಕ್ಕೂ ಗಾಡಿ ಬೇಕು. ಸ್ವಂತ ಕಾರಿನಲ್ಲಿ ಬರುವ ಹುಬ್ಬಳ್ಳಿ, ಬೆಳಗಾವಿ, ಕಾರವಾರದವರಿಗೆ ಈ ಚಿಂತೆಯಿಲ್ಲ. ಉಳಿದವರು ಬಾಡಿಗೆ ಕಾರಿನ ಖರ್ಚನ್ನು ವಿಲ್ಲಾದ ದರಕ್ಕೆ ಸೇರಿಸಿಯೇ ಲೆಕ್ಕ ಹಾಕಬೇಕು.

ಜಾಹೀರಾತಿನಲ್ಲಿ ‘ಬೀಚ್‌ಫ್ರಂಟ್ ವಿಲ್ಲಾ’ ಎಂದು ಕಂಡರೆ ನಕ್ಷೆ ತೆರೆಯಿರಿ. ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಬಂದದ್ದು 1991ರಲ್ಲಿ. ಹಳ್ಳಿಗಾಡಿನ ಕರಾವಳಿಯಲ್ಲಿ ಉಬ್ಬರದ ಗೆರೆಯಿಂದ 200 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ ಎಂದು ಅದು ಹೇಳಿತು. ಜನದಟ್ಟಣೆಯ ಹಳ್ಳಿಗಳಿಗೆ ಈ ಮಿತಿಯನ್ನು ಸಡಿಲಿಸುವ ನಿಯಮ 2019ರಲ್ಲಿ ಬಂದರೂ ನೆಲದ ಮೇಲಿನ ಚಿತ್ರ ಹೆಚ್ಚು ಬದಲಾಗಿಲ್ಲ. ಆದ್ದರಿಂದ ಹೊಸ ವಿಲ್ಲಾಗಳು ಎದ್ದಿರುವುದು ಅಸ್ಸಾಗಾಂವ್, ಸಿಯೋಲಿಂನಂಥ ಒಳಹಳ್ಳಿಗಳಲ್ಲಿ, ಗದ್ದೆ ಬಯಲಿನ ಅಂಚಿನಲ್ಲಿ. ಅಲೆ ಬಂದು ಮೆಟ್ಟಿಲಿಗೆ ತಾಗುವ ಮನೆ ಎಂದು ಯಾರಾದರೂ ಹೇಳಿದರೆ ಒಂದೋ ಅದು ಬಹಳ ಹಳೆಯ ಮನೆ, ಇಲ್ಲ ಮಾತು ಉತ್ಪ್ರೇಕ್ಷೆ, ಇಲ್ಲ ಕಾಗದಪತ್ರದಲ್ಲಿ ತಕರಾರಿದೆ. ಮರಳಿನ ಮೇಲೇ ನಿಂತಿರುವ ಪಾಲೊಲೆಂನ ಮರದ ಗುಡಿಸಲುಗಳು ಹಂಗಾಮಿನವು. ಮಳೆಗಾಲಕ್ಕೆ ಮುಂಚೆ ಬಿಚ್ಚಿ, ಮಳೆ ನಿಂತ ಮೇಲೆ ಮತ್ತೆ ಕಟ್ಟುತ್ತಾರೆ. ತೆಳುಗೋಡೆ, ಕಿರಿದಾದ ಬಚ್ಚಲು, ಹಿರಿಯರಿಗೆ ಹೇಳಿಸಿದ್ದಲ್ಲ.

ಇನ್ನು ರೆಸಾರ್ಟಿನ ಲೆಕ್ಕ. ದರದ ಪಕ್ಕದಲ್ಲಿರುವ ಚಿಕ್ಕ ಅಕ್ಷರಗಳಲ್ಲೇ ಅರ್ಧ ಕಥೆ ಇರುತ್ತದೆ. ಇಪಿ ಎಂದರೆ ಬರೀ ಕೊಠಡಿ, ಸಿಪಿ ಎಂದರೆ ಬೆಳಗಿನ ತಿಂಡಿ ಸೇರಿದೆ, ಎಂಎಪಿ ಎಂದರೆ ತಿಂಡಿಯ ಜತೆ ಒಂದು ಹೊತ್ತಿನ ಊಟ, ಎಪಿ ಎಂದರೆ ಮೂರೂ ಹೊತ್ತು. ಮಕ್ಕಳಿರುವವರಿಗೆ ನನ್ನ ಸಲಹೆ ಎಂಎಪಿ. ಮಧ್ಯಾಹ್ನವೋ ರಾತ್ರಿಯೋ ಒಂದು ಊಟ ಗ್ಯಾರಂಟಿ ಇರುತ್ತದೆ, ಇನ್ನೊಂದು ಹೊತ್ತಿಗೆ ಹೊರಗೆ ತಿಂದು ಊರು ನೋಡಬಹುದು. ಐದು ವರ್ಷದೊಳಗಿನ ಮಗುವಿಗೆ ಹಲವು ಕಡೆ ದುಡ್ಡಿಲ್ಲ. ಆರರಿಂದ ಹನ್ನೆರಡರವರಿಗೆ ಹಾಸಿಗೆ ಬೇಕೆಂದರೆ ಒಂದು ದರ, ಬೇಡವೆಂದರೆ ಇನ್ನೊಂದು. ಹಾಸಿಗೆ ಬೇಡ ಎಂದ ಮಗುವಿಗೂ ಬೆಳಗಿನ ತಿಂಡಿಗೆ ಪ್ರತ್ಯೇಕ ಬಿಲ್ ಬರಬಹುದು. ‘ಎಕ್ಸ್‌ಟ್ರಾ ಬೆಡ್’ ಎಂದರೆ ಮಂಚವೋ, ನೆಲದ ಮೇಲೆ ಹಾಸುವ ಹಾಸಿಗೆಯೋ ಕೇಳಿಕೊಳ್ಳಿ. ನಡುಬಾಗಿಲಿರುವ ಎರಡು ಕೊಠಡಿ ಕೇಳಿದ್ದರೆ, ಅದನ್ನು ಖಚಿತವಾಗಿ ಕೊಡುತ್ತೇವೆಂದು ಇಮೇಲಿನಲ್ಲಿ ಬರೆಸಿಕೊಳ್ಳಿ. ‘ಲಭ್ಯವಿದ್ದರೆ’ ಎಂಬ ಮಾತಿಗೆ ಒಪ್ಪಿ ಹೋದರೆ ಅಜ್ಜ ಅಜ್ಜಿ ಒಂದು ಕಟ್ಟಡದಲ್ಲಿ, ನೀವು ಇನ್ನೊಂದರಲ್ಲಿ.

ತೆರಿಗೆಯಲ್ಲಿ ಒಂದು ಗೆರೆಯಿದೆ, ಗೊತ್ತಿದ್ದರೆ ಲಾಭ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೊಠಡಿಗೆ ಜಿಎಸ್‌ಟಿ 5%, ಅದನ್ನು ದಾಟಿದರೆ 18%. ಮೂರು ಕೊಠಡಿ ತಲಾ 7,400ಕ್ಕೆ ಸಿಕ್ಕರೆ ತೆರಿಗೆ ಸೇರಿ ಒಂದು ರಾತ್ರಿಗೆ 23,310 ರೂಪಾಯಿ. ಅದೇ ಕೊಠಡಿ 7,600 ಆದರೆ 26,904. ಕೊಠಡಿಗೆ ಬರೀ ಇನ್ನೂರು ರೂಪಾಯಿ ಏರಿದ್ದಕ್ಕೆ ರಾತ್ರಿಗೆ 3,594 ರೂಪಾಯಿ ಹೆಚ್ಚು. ಗೆರೆಯ ಆಸುಪಾಸಿನ ದರ ಕಂಡರೆ ಹೋಟೆಲಿಗೇ ಫೋನ್ ಮಾಡಿ ಚೌಕಾಸಿ ಮಾಡಿ. ಇನ್ನೊಂದು ಮಾತು: ಕ್ರಿಸ್‌ಮಸ್, ಹೊಸವರ್ಷದ ವಾರದಲ್ಲಿ ಹಲವು ರೆಸಾರ್ಟ್‌ಗಳು ಇಂತಿಷ್ಟು ರಾತ್ರಿ ಉಳಿಯಲೇಬೇಕು ಎನ್ನುತ್ತವೆ, ಡಿಸೆಂಬರ್ 24 ಮತ್ತು 31ರ ಔತಣಕೂಟದ ದುಡ್ಡನ್ನೂ ಕಡ್ಡಾಯವಾಗಿ ವಸೂಲಿ ಮಾಡುತ್ತವೆ. ಮದ್ಯ ಮುಟ್ಟದ, ಮಾಂಸ ತಿನ್ನದ ಹಿರಿಯರ ತಲೆಗೂ ಅದು ಬೀಳುತ್ತದೆ.

ವಿಲ್ಲಾದ ಸುಖ ನಿಜವಾದದ್ದು. ಅಣ್ಣ ತಮ್ಮಂದಿರ ಸಂಸಾರ, ಅಕ್ಕನ ಮಕ್ಕಳು, ಅತ್ತೆ ಮಾವ ಎಲ್ಲರೂ ಒಂದೇ ಸೂರಿನಡಿ. ಮಕ್ಕಳು ಒಂದು ಕೋಣೆಯಿಂದ ಇನ್ನೊಂದಕ್ಕೆ ಓಡಾಡುತ್ತಾ, ದೊಡ್ಡವರು ಅಂಗಳಕ್ಕೆ ತೆರೆದ ಬಲ್ಕಾಂವ್ ಎಂಬ ಜಗಲಿಯ ಕಲ್ಲುಬೆಂಚಿನ ಮೇಲೆ ಹರಟುತ್ತಾ ಕಳೆಯುವ ಮಧ್ಯಾಹ್ನವನ್ನು ಯಾವ ರೆಸಾರ್ಟೂ ಕೊಡಲಾರದು. ಎಂಟು ಹತ್ತು ಜನರಿದ್ದರೆ ತಲೆಗೆ ಬೀಳುವ ಖರ್ಚೂ ಕಡಿಮೆ. ಆದರೆ ಅಡುಗೆ ಯಾರು ಮಾಡುತ್ತಾರೆ? ಈ ಪ್ರಶ್ನೆಗೆ ಉತ್ತರ ಸಿಗದೆ ವಿಲ್ಲಾ ಬುಕ್ ಮಾಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ‘ಅಡುಗೆಮನೆ ಇದೆ’ ಎಂದರೆ ಎಲ್ಲರೂ ಖುಷಿಪಡುತ್ತಾರೆ. ಅಲ್ಲಿಗೆ ಹೋದ ಮೇಲೆ ಮನೆಯ ಹೆಂಗಸರು ಅದೇ ಒಲೆಯ ಮುಂದೆ, ಅದೇ ಸಿಂಕಿನ ಮುಂದೆ. ಅವರ ಪಾಲಿಗೆ ಅದು ರಜೆಯಲ್ಲ. ಅಡುಗೆಯವರನ್ನು ಒದಗಿಸುತ್ತಾರೆಯೇ, ಅವರ ದಿನದ ಸಂಬಳ ಎಷ್ಟು, ದಿನಸಿ ಯಾರು ತರಬೇಕು, ಪಾತ್ರೆ ಯಾರು ತೊಳೆಯುತ್ತಾರೆ, ಸಸ್ಯಾಹಾರಕ್ಕೆ ಬೇರೆ ಪಾತ್ರೆ ಇದೆಯೇ ಎಂದು ಮೊದಲೇ ಕೇಳಿ. ಆ ಮೊತ್ತ ಸೇರಿಸಿದ ಮೇಲೂ ರೆಸಾರ್ಟಿಗಿಂತ ಅಗ್ಗವಾದರೆ ಮಾತ್ರ ಅಗ್ಗ. ಗಣೇಶ ಚೌತಿಯ ದಿನಗಳಲ್ಲಿ ಅಲ್ಲಿನ ಅಡುಗೆಯವರು, ಮನೆ ನೋಡಿಕೊಳ್ಳುವವರು ತಮ್ಮ ಊರಿಗೆ ಹೋಗುತ್ತಾರೆ. ಗೋವಾದ ಹಿಂದೂಗಳಿಗೆ ಅದು ವರ್ಷದ ದೊಡ್ಡ ಹಬ್ಬ.

ಅಡುಗೆಯ ಒಲೆ ಗ್ಯಾಸಿನದೋ, ಬರೀ ಮೈಕ್ರೊವೇವೋ ನೋಡಿ. ಕುಕ್ಕರ್, ಮಿಕ್ಸಿ ಇದ್ದರೆ ಮಗುವಿಗೆ ರಾಗಿ ಸರಿ, ಹಿರಿಯರಿಗೆ ಮೆತ್ತನೆಯ ಅನ್ನ ಆಗುತ್ತದೆ. ಕರೆಂಟು ಹೋದಾಗ ಇನ್ವರ್ಟರಿನಲ್ಲಿ ದೀಪ, ಫ್ಯಾನು ಓಡುತ್ತವೆ, ಎಲ್ಲ ಕೋಣೆಯ ಎಸಿ ಓಡಬೇಕಾದರೆ ಜನರೇಟರ್ ಬೇಕು. ಭದ್ರತಾ ಠೇವಣಿ ಎಷ್ಟು, ಎಷ್ಟು ದಿನಕ್ಕೆ ಹಿಂತಿರುಗುತ್ತದೆ ಎಂಬುದೂ ಲಿಖಿತವಾಗಿರಲಿ. ಚೆಕ್‌ಇನ್ ಸಾಮಾನ್ಯವಾಗಿ ಮಧ್ಯಾಹ್ನ ಎರಡಕ್ಕೆ. ಬೆಳಗಿನ ರೈಲಿಗೆ ಇಳಿಯುವವರಿಗೆ ರೆಸಾರ್ಟಿನಲ್ಲಾದರೆ ಸಾಮಾನು ಇಟ್ಟು ಲಾಬಿಯಲ್ಲಿ ಕೂರಲು ಜಾಗ ಸಿಗುತ್ತದೆ. ವಿಲ್ಲಾದ ಬಾಗಿಲು ಮುಚ್ಚಿರುತ್ತದೆ.

ನನಗೆ ಹೆಚ್ಚು ಆತಂಕವಿರುವುದು ವಿಲ್ಲಾದ ಈಜುಕೊಳದ ಬಗ್ಗೆ. ರೆಸಾರ್ಟಿನಲ್ಲಿ ಮಕ್ಕಳಿಗೆ ಬೇರೆ ಕೊಳವಿರುತ್ತದೆ, ಕಾಯುವವರಿರುತ್ತಾರೆ, ರಾತ್ರಿ ಮುಚ್ಚುತ್ತಾರೆ. ವಿಲ್ಲಾದಲ್ಲಿ ಹಾಲ್‌ನ ಗಾಜಿನ ಬಾಗಿಲು ಸರಿಸಿದರೆ ನಾಲ್ಕು ಅಡಿ ನೀರು, ನಡುವೆ ಬೇಲಿಯಿಲ್ಲ, ಕಾಯುವವರಿಲ್ಲ. ಮುಳುಗುವ ಮಗು ಕೂಗುವುದಿಲ್ಲ, ಕೈ ಬೀಸುವುದಿಲ್ಲ. ಸದ್ದೇ ಇಲ್ಲದೆ ಕೆಲವೇ ನಿಮಿಷಗಳಲ್ಲಿ ಎಲ್ಲ ಮುಗಿದಿರುತ್ತದೆ. ಹತ್ತು ಜನ ದೊಡ್ಡವರಿದ್ದಾಗ ಪ್ರತಿಯೊಬ್ಬರೂ ಇನ್ನೊಬ್ಬರು ನೋಡುತ್ತಿದ್ದಾರೆ ಎಂದುಕೊಳ್ಳುತ್ತಾರೆ. ಅದಕ್ಕೆ ಸರದಿ ಹಾಕಿಕೊಳ್ಳಿ. ಕೊಳದ ಹತ್ತಿರ ಮಕ್ಕಳಿದ್ದಷ್ಟು ಹೊತ್ತು ಒಬ್ಬರು ಮೊಬೈಲ್ ಬದಿಗಿಟ್ಟು ಅವರನ್ನೇ ನೋಡುತ್ತಿರಬೇಕು. ಈಜು ಬಾರದ ಮಗು ಕೈಗೆಟಕುವ ದೂರದಲ್ಲೇ ಇರಬೇಕು. ತೋಳಿಗೆ ಹಾಕುವ ಗಾಳಿಚೀಲ ಆಟಿಕೆ ಮಾತ್ರ, ರಕ್ಷಣೆಯಲ್ಲ. ಕೊಳದ ಕಡೆಯ ಬಾಗಿಲಿಗೆ ಮಗುವಿನ ಕೈಗೆ ಸಿಗದ ಎತ್ತರದಲ್ಲಿ ಚಿಲಕವಿದೆಯೇ ಎಂದು ಮಾಲೀಕರಿಂದ ಫೋಟೊ ತರಿಸಿಕೊಳ್ಳಿ. ಹಳೆಯ ಮನೆಯಾದರೆ ಹಿತ್ತಲಿನ ತೆರೆದ ಬಾವಿಗೆ ಮುಚ್ಚಳವಿದೆಯೇ ಎಂಬುದನ್ನೂ ಕೇಳಿ. ಆರು ವರ್ಷದೊಳಗಿನ ಮಕ್ಕಳಿದ್ದು ಬೇಲಿಯಿಲ್ಲದ ಕೊಳವಿದ್ದರೆ ಆ ವಿಲ್ಲಾ ಎಷ್ಟೇ ಚೆಂದವಿರಲಿ, ಬಿಟ್ಟುಬಿಡಿ.

ಮುಂಗಡ ಕಳಿಸುವ ಮುನ್ನ ಮನೆ ನಿಜವಾಗಿ ಇದೆಯೇ ಎಂದು ನೋಡಿಕೊಳ್ಳಿ. ಬೇರೆಯವರ ವಿಲ್ಲಾದ ಫೋಟೊ ಹಾಕಿ, ಅರ್ಧ ದರ ಹೇಳಿ, ಯುಪಿಐಯಲ್ಲಿ ದುಡ್ಡು ಹಾಕಿಸಿಕೊಂಡು ಮಾಯವಾಗುವ ವಂಚನೆ ಗೋವಾದಲ್ಲಿ ಮತ್ತೆ ಮತ್ತೆ ಸುದ್ದಿಯಾಗಿದೆ. ಪ್ರವಾಸಿಗರಿಗೆ ಬಾಡಿಗೆಗೆ ಕೊಡುವ ಜಾಗ, ಅದು ಹೋಟೆಲಾಗಿರಲಿ ವಿಲ್ಲಾ ಆಗಿರಲಿ, 1982ರ ಗೋವಾ ಪ್ರವಾಸಿ ವ್ಯಾಪಾರ ನೋಂದಣಿ ಕಾಯ್ದೆಯಡಿ ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿಯಾಗಿರಬೇಕು. ಆ ನೋಂದಣಿ ಸಂಖ್ಯೆ ಕೇಳಿ. ವಿಡಿಯೊ ಕರೆಯಲ್ಲಿ ಗೇಟಿನಿಂದ ಹಿತ್ತಲಿನವರೆಗೆ ಮನೆ ತೋರಿಸಲು ಹೇಳಿ. ನಿಜವಾದ ಮಾಲೀಕರು ಇದಕ್ಕೆ ಬೇಸರಪಡುವುದಿಲ್ಲ. ಈಗಲೇ ದುಡ್ಡು ಹಾಕದಿದ್ದರೆ ಇನ್ನೊಬ್ಬರಿಗೆ ಹೋಗುತ್ತದೆ ಎಂದು ಅವಸರಿಸುವವರ ಸಹವಾಸವೇ ಬೇಡ. ಅಮೆರಿಕದಿಂದಲೋ ಲಂಡನ್ನಿನಿಂದಲೋ ಬಂದ, ವಿದೇಶಿ ಪಾಸ್‌ಪೋರ್ಟಿನ ಮಕ್ಕಳು ಮೊಮ್ಮಕ್ಕಳು ಜತೆಗಿದ್ದರೆ ಅವರ ವಿವರವನ್ನು ಸರ್ಕಾರಕ್ಕೆ ಸಲ್ಲಿಸುವುದು ಮನೆ ಬಾಡಿಗೆಗೆ ಕೊಟ್ಟವರ ಹೊಣೆ. ಅದು ಗೊತ್ತೇ ಇಲ್ಲ ಎನ್ನುವ ಮಾಲೀಕರು ಕಾನೂನುಬದ್ಧವಾಗಿ ನಡೆಸುತ್ತಿಲ್ಲ ಎಂದೇ ಅರ್ಥ.

ಕಾಲದ ವಿಷಯ ಚಿಕ್ಕದು. ದಸರಾ ರಜೆಯ ಹೊತ್ತಿಗೆ ಮಳೆ ಹಿಂದೆ ಸರಿಯುತ್ತಿರುತ್ತದೆ, ತೀರದ ಊಟ-ತಿಂಡಿಯ ಶ್ಯಾಕ್‌ಗಳು ಇನ್ನೂ ಏಳುತ್ತಿರುತ್ತವೆ. ನವೆಂಬರ್, ಫೆಬ್ರುವರಿ ತಿಂಗಳು ಹವೆಗೂ ಜೇಬಿಗೂ ಹಿತ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲಿಗೆ ಇಳಿಯುವಂತಿಲ್ಲ. ಮಳೆ ನೋಡುತ್ತಾ ಕೊಳದಲ್ಲಿ ಆಡಿಕೊಂಡಿರುವುದಾದರೆ ರೆಸಾರ್ಟ್ ದರ ಆಗ ಇಳಿದಿರುತ್ತದೆ. ಮಕ್ಕಳಿಗೆ ಕಾವಲಿರುವ ಸ್ನಾನದ ಜಾಗ, ಶುಚಿಯಾದ ಶೌಚಾಲಯ ಇಷ್ಟೇ ಮುಖ್ಯವಾದರೆ ಗೋವಾವರೆಗೆ ಹೋಗಬೇಕೆಂದೂ ಇಲ್ಲ. ಹೊನ್ನಾವರದ ಬಳಿಯ ಕಾಸರಕೋಡು, ಉಡುಪಿ ಜಿಲ್ಲೆಯ ಪಡುಬಿದ್ರಿ ಎರಡಕ್ಕೂ 2020ರಲ್ಲೇ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿದೆ.

ಒಟ್ಟಿನಲ್ಲಿ ನನ್ನ ತೀರ್ಮಾನ ಹೀಗೆ. ಆರರೊಳಗಿನ ಮಕ್ಕಳು, ಎಪ್ಪತ್ತು ದಾಟಿದ ಹಿರಿಯರು ಇದ್ದರೆ ಬೆನೌಲಿಂನಿಂದ ಕವೆಲೊಸಿಂವರೆಗಿನ ಯಾವುದಾದರೂ ರೆಸಾರ್ಟ್, ಮೂರು ರಾತ್ರಿಯಾದರೂ ಸಾಕು. ಮಕ್ಕಳು ಹತ್ತು ದಾಟಿ ಈಜು ಕಲಿತಿದ್ದರೆ, ಅಡುಗೆಯವರು ಗೊತ್ತಾಗಿದ್ದರೆ, ಜತೆಗೆ ಗಾಡಿಯಿದ್ದರೆ ವಿಲ್ಲಾ.

ಎಲ್ಲೇ ಉಳಿಯಿರಿ, ಕಡಲಿಗೆ ಇಳಿಯುವ ಮೊದಲು ಬಾವುಟ ನೋಡಿ. ಕೆಂಪು ಬಾವುಟವಿದ್ದರೆ ನೀರಿಗಿಳಿಯಬೇಡಿ. ಕೆಂಪು ಹಳದಿ ಬಣ್ಣದ ಎರಡು ಬಾವುಟಗಳ ನಡುವಿನ ಜಾಗದಲ್ಲಿ ಮಾತ್ರ ಸ್ನಾನ. ಅಲೆ ಮುರಿಯದೆ ನೀರು ಶಾಂತವಾಗಿ ಕಾಣುವ ಓಣಿಯಂಥ ಜಾಗದಲ್ಲೇ ಹಿಂದಕ್ಕೆ ಹರಿಯುವ ಸೆಳೆತ ಇರುತ್ತದೆ. ಅದಕ್ಕೆ ಸಿಕ್ಕಿದವರು ದಡದತ್ತ ಈಜಿ ಸುಸ್ತಾಗಬಾರದು. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಹೊರಬಂದು ಆಮೇಲೆ ದಡ ಸೇರಬೇಕು. ಗೋವಾದ ತೀರಗಳಲ್ಲಿ 2008ರಿಂದ ದೃಷ್ಟಿ ಸಂಸ್ಥೆಯ ಜೀವರಕ್ಷಕರಿದ್ದಾರೆ. ಅವರು ನೀರಿನ ಕಾವಲಿಗೆ ಇರುವುದು ಬೆಳಿಗ್ಗೆ 7.30ರಿಂದ ಸಂಜೆ 6ರವರೆಗೆ. ಆ ಹೊತ್ತಿನ ಆಚೆಗೆ ದಯವಿಟ್ಟು ಮಕ್ಕಳನ್ನು ನೀರಿಗೆ ಬಿಡಬೇಡಿ.